ಚಂದ್ರ ನಮ್ ಬೈಕ್ ಹಿಂದೇನೇ ಯಾಕೆ ಬರ್ತಾನೆ?

ಈ ಸಲ ಬಂದಿರೋ ಪತ್ರಗಳಲ್ಲಿ ಮುಕ್ಕಾಲು ಪಾಲು ಚಿಕ್ಕ ಮಕ್ಕಳ ಪ್ರಶ್ನೆಗಳ ಬಗ್ಗೆನೇ ಇದೆ. ಚಂದ್ರ, ನಕ್ಷತ್ರ, ಗುಡುಗು, ರಾಕೆಟ್ಟು. ಮೂವತ್ತು ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು, ಹಂಗಾಗಿ ಈ ಪತ್ರಗಳನ್ನ ಓದ್ತಾ ತುಂಬಾ ಖುಷಿಯಾಯ್ತು. ಆರು ಪತ್ರ ಆರಿಸ್ಕೊಂಡಿದೀನಿ. ಯಾರ ಹೆಸರೂ ಹಾಕಿಲ್ಲ, ಊರಿನ ಕಡೆ ಮಾತ್ರ ಹೇಳಿದೀನಿ.

ಪ್ರಶ್ನೆ: ಮೇಷ್ಟ್ರೇ, ನಮ್ದು ತೀರ್ಥಹಳ್ಳಿ-ಆಗುಂಬೆ ರಸ್ತೇಲಿ ಒಂದು ಹಳ್ಳಿ. ಮಗನಿಗೆ ಐದು ವರ್ಷ. ಮೊನ್ನೆ ರಾತ್ರಿ ತವರುಮನೆಯಿಂದ ಬೈಕಲ್ಲಿ ವಾಪಸ್ ಬರುವಾಗ "ಅಮ್ಮ, ಚಂದ್ರ ನಮ್ ಹಿಂದೇನೇ ಯಾಕೆ ಬರ್ತಿದಾನೆ" ಅಂತ ಕೇಳ್ದ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು, ಅದರಲ್ಲೂ ಸೈನ್ಸ್ ಅಂದ್ರೆ ಹೆದರಿಕೆ. "ನಿನ್ನ ಕಂಡ್ರೆ ಅವನಿಗೆ ಇಷ್ಟ, ಅದಕ್ಕೆ" ಅಂದ್ಬಿಟ್ಟೆ. ಆಮೇಲೆ ಮಗೂಗೆ ತಪ್ಪು ಹೇಳಿಬಿಟ್ನಲ್ಲ ಅಂತ ನಿದ್ದೆ ಬರ್ಲಿಲ್ಲ. ಮನೆಯವರು ಮೊಬೈಲಲ್ಲಿ ಹುಡುಕಿ ಹೇಳು ಅಂತಾರೆ. ನನ್ನಂಥವರ ಕೈಲಿ ಇದೆಲ್ಲ ಆಗುತ್ತಾ?

ಉತ್ತರ: ಖಂಡಿತ ಆಗುತ್ತಮ್ಮ. ನಿದ್ದೆಗೆಡೋವಂಥ ತಪ್ಪು ನೀವೇನೂ ಮಾಡಿಲ್ಲ. ಐದು ವರ್ಷದ ಮಗು ಅಮ್ಮ ಪ್ರೀತಿಯಿಂದ ಹೇಳಿದ ಮಾತು ಕೇಳಿ ಹಾಳಾಗಲ್ಲ, ಆದ್ರೆ ಅವನ ಪ್ರಶ್ನೆ ಇನ್ನೂ ಹಂಗೇ ಇದೆ, ಅದಕ್ಕೆ ಈಗ್ಲೂ ಟೈಮಿದೆ.

ಮುಂದಿನ ಸಲ ಬೆಳದಿಂಗಳಲ್ಲಿ ಅದೇ ರಸ್ತೇಲಿ ಬರುವಾಗ ಮಗನಿಗೆ ಮೊದಲು ರಸ್ತೆ ಪಕ್ಕದ ಅಡಿಕೆ ಮರ ನೋಡು ಅನ್ನಿ. ಅವು ಸುಯ್ ಅಂತ ಹಿಂದಕ್ಕೆ ಓಡ್ತಾ ಇರ್ತವೆ. ಆಮೇಲೆ ಕುಂದಾದ್ರಿ ಗುಡ್ಡ ತೋರ್ಸಿ. ಅದು ಅಷ್ಟು ಬೇಗ ಹಿಂದೆ ಹೋಗಲ್ಲ, ನಾವು ಎಷ್ಟೋ ದೂರ ಬಂದ್ರೂ ಅಲ್ಲೇ ನಿಂತಿರುತ್ತೆ, ನಿಧಾನಕ್ಕೆ ಜರುಗುತ್ತೆ. ಈಗ ಚಂದ್ರನ್ನ ನೋಡು ಅನ್ನಿ, ಅಷ್ಟೇ, ಉತ್ತರ ಹೇಳೋಕೆ ಹೋಗ್ಬೇಡಿ. "ಹತ್ರ ಇರೋದು ಬೇಗ ಓಡ್ತು, ದೂರ ಇರೋದು ನಿಧಾನಕ್ಕೆ ಓಡ್ತು, ಚಂದ್ರ ಅಲ್ಲಾಡ್ಲೇ ಇಲ್ಲ, ಹಂಗಾದ್ರೆ ಅವನು ಎಲ್ಲಿರ್ಬಹುದು ಪುಟ್ಟ?" ಅಂತ ಕೇಳಿ ಸುಮ್ನಿರಿ. "ಕುಂದಾದ್ರಿಗಿಂತ ದೂರ" ಅಂತ ಅವನೇ ಅಂದ್ರೆ ಆವತ್ತಿಗೆ ಅಷ್ಟೇ ಸಾಕು.

ಚಂದ್ರ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದಾನೆ, ಆದ್ರೆ ಐದು ವರ್ಷದವನಿಗೆ ಈ ನಂಬರಿಂದ ಏನೂ ಅರ್ಥ ಆಗಲ್ಲ. ಅದಕ್ಕೆ ಇನ್ನೊಂದು ದಿನ ಅಡುಗೆಮನೆಯಿಂದ ಸುಲಿದ ತೆಂಗಿನಕಾಯಿ ಒಂದು, ಸಣ್ಣ ನಿಂಬೆಹಣ್ಣು ಒಂದು ತಗೊಳಿ. ಕಾಯಿ ಭೂಮಿ, ನಿಂಬೆಹಣ್ಣು ಚಂದ್ರ. ನಿಂಬೆಹಣ್ಣನ್ನ ಎಷ್ಟು ದೂರ ಇಡ್ತೀಯ ಅಂತ ಮಗನ್ನ ಕೇಳಿ, ಮನೆಯವರನ್ನೂ ಕೇಳಿ. ಎಲ್ಲರೂ ಗೇಣುದ್ದದಲ್ಲೇ ಇಡ್ತಾರೆ. ನಿಜವಾಗಿ ಭೂಮಿ-ಚಂದ್ರನ ಮಧ್ಯೆ ಮೂವತ್ತು ಭೂಮಿಗಳನ್ನ ಸಾಲಾಗಿ ಜೋಡಿಸ್ಬಹುದು, ಅಂದ್ರೆ ಕಾಯಿ ಜಗಲಿಯ ಈ ತುದೀಲಿದ್ರೆ ನಿಂಬೆಹಣ್ಣು ಹತ್ತು ಹನ್ನೊಂದು ಅಡಿ ಆಚೆ. ಚಂದ್ರಯಾನ-3 ಈ ಕಾಯಿಂದ ಆ ಹಣ್ಣಿನವರೆಗೆ ಹೋಗಿ ಇಳಿಯೋಕೆ 2023ರ ಜುಲೈ 14ರಿಂದ ಆಗಸ್ಟ್ 23ರವರೆಗೆ, ನಲವತ್ತು ದಿನ ತಗೊಳ್ತು, ಮೊದಲು ಭೂಮಿನ ಸುತ್ತಿ ಸುತ್ತಿ ದೊಡ್ಡ ದೊಡ್ಡ ಸುತ್ತು ಹಾಕ್ತಾ ಹೋಗಿದ್ದಕ್ಕೆ. ಅಲ್ಲಿ ಇಳಿದು ಓಡಾಡಿದ ಪ್ರಜ್ಞಾನ್ ಗಾಡಿ ತೂಕ 26 ಕಿಲೋ, ಹೆಚ್ಚುಕಮ್ಮಿ ನಿಮ್ಮನೆ ಅಕ್ಕಿ ಮೂಟೆಯಷ್ಟು. ಹಿಂಗೆ ಹೇಳಿದ್ರೆ ಮಗನ ಕಣ್ಣು ಅರಳುತ್ತೆ ನೋಡಿ.

ಮೊಬೈಲ್ ಬೇಡ ಅಂತ ನಾನು ಹೇಳಲ್ಲ. ಆದ್ರೆ ಅದು ಕೊನೆಗೆ ಬರ್ಲಿ. ಮೊದಲು ಮಗು ತನಗೆ ಏನನ್ಸುತ್ತೆ ಅಂತ ಹೇಳ್ಲಿ, ಆಮೇಲೆ ಇಬ್ರೂ ಹೋಗಿ ನೋಡಿ, ಆಮೇಲೆ ಬೇಕಾದ್ರೆ ಹುಡುಕಿ. ಗೊತ್ತಿಲ್ಲದೇ ಇದ್ರೆ "ನಂಗೂ ಗೊತ್ತಿಲ್ಲ, ನೋಡಣ ಬಾ" ಅನ್ನಿ. ಈ ಮಾತು ನಾನು ಕಲಿತಿದ್ದು ತಡವಾಗಿ. ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ಒಂದು ಡಿಸೆಂಬರ್ ಬೆಳಿಗ್ಗೆ ಒಬ್ಬ ಹುಡುಗ ಎದ್ದು ನಿಂತು "ಸಾರ್, ಚಳಿಗಾಲದಲ್ಲಿ ಬಾವಿ ನೀರು ಯಾಕೆ ಬೆಚ್ಚಗಿರುತ್ತೆ" ಅಂದ. ಪಾಠ ಮುಗಿಸೋ ಅವಸರದಲ್ಲಿ "ಅದು ಈ ಪಾಠದಲ್ಲಿ ಇಲ್ಲ, ಕೂತ್ಕೊ" ಅಂದೆ. ಆ ಹುಡುಗ ಆಮೇಲೆ ವರ್ಷಪೂರ್ತಿ ಒಂದು ಪ್ರಶ್ನೆನೂ ಕೇಳಲಿಲ್ಲ. ಬಾವಿ ನೀರು ಬೆಚ್ಚಗಾಗಿರಲ್ಲ, ಭೂಮಿ ಆಳದಲ್ಲಿ ಚಳಿ-ಬಿಸಿಲು ಅಷ್ಟಾಗಿ ತಾಗಲ್ಲ, ಹಂಗಾಗಿ ನೀರು ವರ್ಷವಿಡೀ ಸುಮಾರು ಒಂದೇ ತರ ಇರುತ್ತೆ, ನಮ್ಮ ಕೈ ಚಳಿಗೆ ಮರಗಟ್ಟಿರೋದ್ರಿಂದ ಬೆಚ್ಚಗನ್ಸುತ್ತೆ. ಎರಡು ನಿಮಿಷದ ಮಾತು ಅದು. ಈಗ್ಲೂ ಚಳಿಗಾಲದಲ್ಲಿ ಬಾವಿಕಟ್ಟೆ ಹತ್ರ ಹೋದ್ರೆ ಆ ಹುಡುಗ ನೆನಪಾಗ್ತಾನೆ.

ಪ್ರಶ್ನೆ: ಸರ್, ಶಿವಮೊಗ್ಗ ಪೇಟೇಲಿ ಇದೀವಿ. ಮಗಳಿಗೆ ಆರು ವರ್ಷ, ಸ್ಪೇಸ್ ಅಂದ್ರೆ ಹುಚ್ಚು. ಹುಟ್ಟುಹಬ್ಬಕ್ಕೆ ಆನ್‌ಲೈನಲ್ಲಿ ನಾಲ್ಕೂವರೆ ಸಾವಿರದ ಟೆಲಿಸ್ಕೋಪ್ ನೋಡಿಟ್ಟಿದೀನಿ. ತಗೊಳ್ಳಲಾ?

ಉತ್ತರ: ಈಗ ಬೇಡ ಸರ್. ಆ ರೇಟಿಗೆ ಬರೋ ಟೆಲಿಸ್ಕೋಪುಗಳಲ್ಲಿ ಸಾಮಾನ್ಯವಾಗಿ ಸ್ಟ್ಯಾಂಡ್ ಗಟ್ಟಿ ಇರಲ್ಲ, ಮುಟ್ಟಿದ್ರೆ ನಡುಗುತ್ತೆ, ಕಷ್ಟಪಟ್ಟು ನೀವು ಗುರು ಗ್ರಹ ಹಿಡಿದು ಮಗಳನ್ನ ಕರೆದು ಸ್ಟೂಲ್ ಮೇಲೆ ಹತ್ತಿಸೋ ಅಷ್ಟರಲ್ಲಿ ಭೂಮಿ ತಿರುಗಿ ಗ್ರಹ ಆಚೆ ಹೋಗಿರುತ್ತೆ, ಜೊತೆಗೆ ಆರು ವರ್ಷದ ಮಕ್ಕಳಿಗೆ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡೋದೇ ಕಷ್ಟ. ಎರಡು ಸಲ ಏನೂ ಕಾಣದೇ ಇದ್ರೆ ಮೂರನೇ ಸಲ ಅವಳು ಬರಲ್ಲ.

ಮೊದಲ ಒಂದು ವರ್ಷ ಬರಿಗಣ್ಣು ಸಾಕು. ಅಮಾವಾಸ್ಯೆ ಆದ ಮೂರನೇ ದಿನದಿಂದ ಸಂಜೆ ಹೊತ್ತು ದಿನಾ ಒಂದೇ ಟೈಮಿಗೆ ಟೆರೇಸಿಗೆ ಕರ್ಕೊಂಡು ಹೋಗಿ. ಪಶ್ಚಿಮದಲ್ಲಿ ಕೆಳಗಿದ್ದ ಚಂದ್ರ ದಿನಾ ಒಂದಿಷ್ಟು ಮೇಲೆ, ಒಂದಿಷ್ಟು ಪೂರ್ವಕ್ಕೆ, ಒಂದಿಷ್ಟು ದಪ್ಪ. ಗೋಡೆ ಕ್ಯಾಲೆಂಡರಲ್ಲಿ ಆಯಾ ದಿನದ ಮನೇಲಿ ಅವಳು ಕಂಡಷ್ಟೇ ಚಂದ್ರನ್ನ ಬರೀಲಿ, ಮೋಡ ಇದ್ರೆ ಮೋಡ ಬರೀಲಿ. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನಾ ಸರಾಸರಿ 50 ನಿಮಿಷ ತಡವಾಗಿ ಹುಟ್ಟೋದ್ರಿಂದ ಆಮೇಲೆ ಸಂಜೆ ಸಿಗಲ್ಲ, ಸ್ಕೂಲ್ ವ್ಯಾನಿಗೆ ಕಾಯುವಾಗ ಬೆಳಿಗ್ಗೆ ಎಂಟಕ್ಕೆ ಪಶ್ಚಿಮದಲ್ಲಿ ಬೆಳ್ಳಗೆ ಕಾಣ್ತಾನೆ. "ಹಗಲು ಚಂದ್ರ ಯಾಕಿದಾನೆ" ಅಂತ ಅವಳೇ ಕೇಳ್ತಾಳೆ.

ಬಾಹ್ಯಾಕಾಶ ನಿಲ್ದಾಣನೂ ತೋರ್ಸಿ, 2025ರ ಜೂನಲ್ಲಿ ನಮ್ಮ ಶುಭಾಂಶು ಶುಕ್ಲಾ ಹೋಗಿ ಇದ್ದು ಬಂದ್ರಲ್ಲ, ಅದೇ. ಸುಮಾರು 400 ಕಿಲೋಮೀಟರ್ ಮೇಲೆ ಒಂದೂವರೆ ಗಂಟೆಗೊಂದು ಸುತ್ತು ಹಾಕುತ್ತೆ. ನಮ್ಮೂರ ಮೇಲೆ ಹಾದುಹೋಗೋ ದಿನಗಳಲ್ಲಿ ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ, ಇಲ್ಲಾ ಬೆಳಗಿನ ಜಾವ, ಮಿಣುಕದೆ ಸದ್ದಿಲ್ಲದೆ ಒಂದು ಬೆಳಕು ಐದಾರು ನಿಮಿಷದಲ್ಲಿ ಆಕಾಶ ದಾಟುತ್ತೆ. ಯಾವ ದಿನ ಎಷ್ಟೊತ್ತಿಗೆ ಅಂತ ಮೊಬೈಲಲ್ಲೇ ಸಿಗುತ್ತೆ. ಅದರೊಳಗೆ ಈಗ ಮನುಷ್ಯರಿದಾರೆ ಅಂತ ಹೇಳಿ, ಕೈ ಬೀಸೋಕೆ ಬಿಡಿ.

ಇಷ್ಟಾದ ಮೇಲೂ ಅವಳ ಆಸೆ ಹಂಗೇ ಇದ್ರೆ 7x50 ಅಥವಾ 10x50 ಬೈನಾಕ್ಯುಲರ್ (ಏಳು ಇಲ್ಲಾ ಹತ್ತು ಪಟ್ಟು ದೊಡ್ಡದಾಗಿ ತೋರ್ಸೋದು, ಮುಂದಿನ ಗಾಜು 50 ಮಿಲಿಮೀಟರ್ ಅಗಲ) ತಗೊಳಿ. ಟೆರೇಸಿನ ಕಟ್ಟೆ ಮೇಲೆ ಮೊಣಕೈ ಊರಿ ನೋಡಿದ್ರೆ ಚಂದ್ರನ ಕುಳಿಗಳು ಚೆನ್ನಾಗಿ ಕಾಣ್ತವೆ, ಗುರುವಿನ ಪಕ್ಕ ಸಾಲಾಗಿ ನಾಲ್ಕು ಚುಕ್ಕಿ ಕಾಣ್ತವೆ, 1610ರ ಜನವರೀಲಿ ಗೆಲಿಲಿಯೋ ನೋಡಿದ್ದು ಅದೇ ನಾಲ್ಕು ಚಂದ್ರಗಳನ್ನ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ಬೈನಾಕ್ಯುಲರ್ ಹಗಲಲ್ಲಿ ಮಕ್ಕಳ ಕೈಗೆ ಸಿಗೋ ತರ ಇಡ್ಬೇಡಿ. ಅದರಲ್ಲಿ ಒಂದೇ ಒಂದು ಸಲ ಸೂರ್ಯನ್ನ ನೋಡಿದ್ರೂ ಕಣ್ಣು ಹೋಗುತ್ತೆ.

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ಸಾಗರದ ಕಡೆಯ ಅಡಿಕೆ ಬೆಳೆಗಾರ ನಾನು, ವಯಸ್ಸು ಎಪ್ಪತ್ತೊಂದು. ಆರಿದ್ರಾ ಮಳೆ ಹುಟ್ತು ಅಂತ ಅಂದಿದ್ದಕ್ಕೆ ಏಳು ವರ್ಷದ ಮೊಮ್ಮಗ "ಅಜ್ಜಯ್ಯ, ಆರಿದ್ರಾ ಅಂದ್ರೆ ನಕ್ಷತ್ರ ಅಲ್ವಾ, ಅದು ಎಲ್ಲಿದೆ ತೋರ್ಸು" ಅಂದ. ನನಗೆ ತೋರ್ಸೋಕೆ ಆಗ್ಲಿಲ್ಲ. ಬೆಂಗಳೂರಿಂದ ಬಂದಿದ್ದ ಮಗ ಅದೆಲ್ಲ ಮೂಢನಂಬಿಕೆ, ಮಗೂ ತಲೇಲಿ ತುಂಬ್ಬೇಡಿ ಅಂದ. ಹೌದಾ?

ಉತ್ತರ: ಯಜಮಾನ್ರೇ, ನಿಮ್ಮ ಪತ್ರ ಓದಿ ನಿಮ್ಮ ಮೊಮ್ಮಗನ್ನ ನೋಡ್ಬೇಕು ಅನ್ಸ್ತು. ಎಂಥ ಪ್ರಶ್ನೆ!

ಮೊದಲು ಮಗನ ಮಾತಿಗೆ. ಮಳೆ ನಕ್ಷತ್ರದ ಲೆಕ್ಕ ಸೂರ್ಯನ ಲೆಕ್ಕ, ಅದು ಮೂಢನಂಬಿಕೆ ಅಲ್ಲ. ವರ್ಷಪೂರ್ತಿ ಸೂರ್ಯ ಆಕಾಶದಲ್ಲಿ ನಕ್ಷತ್ರಗಳ ಮುಂದೆ ಒಂದು ಸುತ್ತು ಬಂದಂಗೆ ನಮಗೆ ಕಾಣುತ್ತೆ. ಆ ದಾರೀನ ಹಿರಿಯರು 27 ಭಾಗ ಮಾಡಿದ್ರು, 365 ದಿನನ 27ಕ್ಕೆ ಹಂಚಿದ್ರೆ ಒಂದೊಂದಕ್ಕೆ ಹದಿಮೂರೂವರೆ ದಿನ. ಜೂನ್ 21-22ರ ಸುಮಾರಿಗೆ ಸೂರ್ಯ ಆರಿದ್ರಾ ಭಾಗಕ್ಕೆ ಬರ್ತಾನೆ, ಅದಕ್ಕೇ ಆರಿದ್ರಾ ಮಳೆ. ಗದ್ದೆ ಕೆಲಸಕ್ಕೆ ಬರಹ ಇಲ್ಲದೇ ನೆನಪಿಟ್ಟುಕೊಳ್ಳೋ ಕ್ಯಾಲೆಂಡರ್ ಅದು. ಮಳೆ ತರೋದು ಮಾತ್ರ ಆ ನಕ್ಷತ್ರ ಅಲ್ಲ, ಅರಬ್ಬಿ ಸಮುದ್ರದಿಂದ ಬರೋ ತೇವದ ಗಾಳಿ ನಮ್ಮ ಘಟ್ಟಕ್ಕೆ ಬಡಿದು ಮೇಲೇರಿ ತಣ್ಣಗಾಗಿ ಸುರಿಯುತ್ತೆ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆಮಗ ಉಂಡಷ್ಟು ಒಳ್ಳೇದು" ಅಂತ ಗಾದೆ ಹೇಳ್ಕೊಡಿ, ಈ ಗಾಳಿ ವಿಷಯನೂ ಹೇಳ್ಕೊಡಿ. ಎರಡೂ ಮಗೂಗೆ ಬೇಕು.

ಇನ್ನು ಆರಿದ್ರಾ ಯಾಕೆ ಕಾಣ್ಲಿಲ್ಲ? ಮೋಡ ಇಲ್ಲದಿದ್ರೂ ಕಾಣ್ತಿರಲಿಲ್ಲ. ಸೂರ್ಯ ಆರಿದ್ರಾ ಕಡೆನೇ ಇರೋದ್ರಿಂದ ಆ ನಕ್ಷತ್ರ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತೆ. ಇದನ್ನ ಜಗಲೀಲಿ ಮಾಡಿ ತೋರ್ಸಬಹುದು. ರಾತ್ರಿ ಹೊತ್ತು ಜಗಲಿ ಮಧ್ಯ ಸ್ಟೂಲ್ ಮೇಲೆ ದೀಪ ಇಡಿ, ಅದು ಸೂರ್ಯ. ಮೊಮ್ಮಗ ಭೂಮಿ, ದೀಪದ ಸುತ್ತ ನಿಧಾನಕ್ಕೆ ನಡೀಲಿ. ಗೋಡೆ ಮೇಲಿನ ಗಡಿಯಾರ, ಕ್ಯಾಲೆಂಡರ್, ಟೋಪಿ ನೇತುಹಾಕಿರೋ ಗೂಟ, ಇವೆಲ್ಲ ನಕ್ಷತ್ರಗಳು. ಎಲ್ಲಿ ನಿಂತಾಗ ದೀಪದ ಹಿಂದೆ ಗಡಿಯಾರ ಬರುತ್ತೋ ಅದು ಗಡಿಯಾರದ ಮಳೆ. ಅಲ್ಲಿಂದ ಗಡಿಯಾರ ಕಾಣಲ್ಲ, ದೀಪ ಕಣ್ಣಿಗೆ ಕುಕ್ಕುತ್ತೆ. ದೀಪಕ್ಕೆ ಬೆನ್ನು ಹಾಕಿದ್ರೆ ರಾತ್ರಿ, ಎದುರುಗಡೆ ಗೋಡೆ ಮಾತ್ರ ಕಾಣುತ್ತೆ. ಅರ್ಧ ಸುತ್ತು ಹೋಗಿ ದೀಪಕ್ಕೆ ಬೆನ್ನು ಹಾಕಿ ನಿಂತ್ರೆ ಅದೇ ಗಡಿಯಾರ ಕಣ್ಣೆದುರು. ಅರ್ಧ ಸುತ್ತು ಅಂದ್ರೆ ಆರು ತಿಂಗಳು.

ಹಂಗಾಗಿ ಆರಿದ್ರಾ ಸಿಗೋದು ಡಿಸೆಂಬರಲ್ಲಿ, ಅಡಿಕೆ ಸುಲಿಯೋ ಹೊತ್ತಲ್ಲಿ. ರಾತ್ರಿ ಎಂಟೂವರೆ ಒಂಬತ್ತಕ್ಕೆ ಮೆಟ್ಟುಗತ್ತಿ ಬಿಟ್ಟು ಐದು ನಿಮಿಷ ಅಂಗಳಕ್ಕೆ ಬನ್ನಿ, ಲೈಟೆಲ್ಲ ಆರ್ಸಿ. ಪೂರ್ವದ ಕಡೆ ಒಂದೇ ಸಾಲಲ್ಲಿ ಮೂರು ನಕ್ಷತ್ರ ಒತ್ತೊತ್ತಾಗಿ ಕಾಣ್ತವೆ, ಅವು ಬೇಟೆಗಾರ (ಓರಿಯನ್) ಅನ್ನೋ ನಕ್ಷತ್ರ ಗುಂಪಿನ ಸೊಂಟಪಟ್ಟಿ. ಅದರ ಎಡಕ್ಕೆ ಕೆಂಪಗೆ ಹೊಳೆಯೋದೇ ಆರಿದ್ರಾ. ಸೂರ್ಯನ ಜಾಗದಲ್ಲಿ ಅದನ್ನ ಇಟ್ರೆ ಭೂಮಿ ಸುತ್ತೋ ದಾರಿನೂ ಅದರ ಹೊಟ್ಟೆಯೊಳಗೇ ಹೋಗುತ್ತೆ, ಅಷ್ಟು ದೊಡ್ಡದು. ಮೂರು ನಕ್ಷತ್ರದ ಗೆರೆನ ಮೇಲಕ್ಕೆ ಎಳೆದ್ರೆ ರೋಹಿಣಿ, ಇನ್ನೂ ಮುಂದೆ ಹೋದ್ರೆ ಗೊಂಚಲಾಗಿರೋ ಕೃತ್ತಿಕೆ. ಕೆಳಕ್ಕೆ ಎಳೆದ್ರೆ, ಸ್ವಲ್ಪ ಹೊತ್ತಾದ ಮೇಲೆ, ಎಲ್ಲಕ್ಕಿಂತ ಪ್ರಕಾಶವಾದ ಲುಬ್ಧಕ. ಮೊಮ್ಮಗನಿಗೆ ನೀವು ಕೊಡೋಕೆ ಎಷ್ಟಿದೆ ನೋಡಿ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಅಂತ ಹೆಸರೆಲ್ಲ ನಿಮ್ಮ ಬಾಯಲ್ಲೇ ಇದೆ, ಮುಖ ಮಾತ್ರ ಗುರುತು ಹಿಡೀಬೇಕು. ಬೆಂಗಳೂರಿನ ಮಗ ರಜೆಗೆ ಬಂದಾಗ ಅವರನ್ನೂ ಅಂಗಳಕ್ಕೆ ಕರೀರಿ.

ಪ್ರಶ್ನೆ: ಭದ್ರಾವತಿಯಿಂದ ಬರೀತಿದೀನಿ ಸರ್. ನಾಲ್ಕೂವರೆ ವರ್ಷದ ಮಗಳು ಎಂಟು ಗ್ರಹದ ಹೆಸರು, ರಾಕೆಟ್ ಹೆಸರು ಎಲ್ಲ ಪಟಪಟ ಹೇಳ್ತಿದ್ಲು. ಮನೆಗೆ ಯಾರೇ ಬಂದ್ರೂ ಹೇಳಿಸ್ತಿದ್ವಿ, ವಿಡಿಯೋನೂ ಮಾಡಿದ್ವಿ. ಈಗ ಒಂದು ತಿಂಗಳಿಂದ ಕೇಳಿದ್ರೆ ಬಾಯೇ ಬಿಡಲ್ಲ. ಆಸಕ್ತಿ ಹೋಯ್ತಾ?

ಉತ್ತರ: ಆಸಕ್ತಿ ಹೋಗಿಲ್ಲಮ್ಮ, ಪರೀಕ್ಷೆ ಸಾಕಾಗಿದೆ. ನೆಂಟರ ಮುಂದೆ ಹೇಳ್ಸೋದನ್ನ ಇವತ್ತೇ ನಿಲ್ಸಿ, ವಿಡಿಯೋನೂ ನಿಲ್ಸಿ. ಎರಡು ಮೂರು ವಾರ ಗ್ರಹದ ವಿಷಯ ನೀವಾಗಿ ಎತ್ತಲೇಬೇಡಿ. ಸಂಜೆ ಬಟ್ಟೆ ತೆಗೆಯೋಕೆ ಹೋದಾಗ ಪಶ್ಚಿಮದಲ್ಲಿ ಶುಕ್ರ ಹೊಳೀತಿದ್ರೆ "ಅರೆ, ಇದೇನಿದು ಇಷ್ಟು ಹೊಳೀತಿದೆ" ಅಂತ ನಿಮ್ಮಷ್ಟಕ್ಕೆ ನೀವು ಹೇಳ್ಕೊಂಡು ನೋಡ್ತಾ ನಿಂತ್ಕೊಳಿ. ನಿಮ್ಮ ಬೆರಗು ನಿಜವಾಗಿದ್ರೆ ಅವಳು ಬಂದು ಸೆರಗು ಹಿಡೀತಾಳೆ. ಹೆಸರು ಗೊತ್ತಿರೋದು ಒಳ್ಳೇದೇ, ಆದ್ರೆ ಎಂಟು ಹೆಸರು ಹೇಳೋ ಮಗೂಗೆ ಆ ಎಂಟರಲ್ಲಿ ಒಂದನ್ನಾದ್ರೂ ಆಕಾಶದಲ್ಲಿ ತೋರ್ಸಿದೀವಾ ಅಂತ ದೊಡ್ಡವರು ಕೇಳ್ಕೋಬೇಕು. ಬುಧ, ಶುಕ್ರ, ಮಂಗಳ, ಗುರು, ಶನಿ, ಐದೂ ಬರಿಗಣ್ಣಿಗೆ ಕಾಣ್ತವೆ.

ಪ್ರಶ್ನೆ: ಆಗುಂಬೆ ಹತ್ರದ ನಮ್ಮೂರಲ್ಲಿ ಜೂನಿಂದ ಸೆಪ್ಟೆಂಬರ್‌ವರೆಗೆ ಆಕಾಶನೇ ಕಾಣಲ್ಲ, ಕರೆಂಟೂ ಇರಲ್ಲ. ಆ ನಾಲ್ಕು ತಿಂಗಳು ಏನು ಮಾಡೋದು?

ಉತ್ತರ: ಮಳೆ ಅಳೀರಿ! ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರೋ ಡಬ್ಬ ಒಂದನ್ನ ಮರ, ಸೂರು ತಾಗದ ಕಡೆ ಇಟ್ಟು, ದಿನಾ ಬೆಳಿಗ್ಗೆ ಮಕ್ಕಳು ಸ್ಕೇಲ್ ಅದ್ದಿ ಅಳೆದು ಬರೆದಿಡ್ಲಿ. ಜೋರು ಮಳೆ ದಿನ ಡಬ್ಬ ಎತ್ತರದ್ದೇ ಬೇಕು ನಿಮ್ಮೂರಿಗೆ. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಆಗುಂಬೇಲಿ ವರ್ಷದ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ, ಅಂದ್ರೆ ಒಂದು ಚಾಪೆ ಹಾಸೋ ಜಾಗದ ಮೇಲೆ ಏಳು ಸಾವಿರ ಲೀಟರಿಗಿಂತ ಹೆಚ್ಚು. ಮಿಂಚಿದಾಗ ಒಳಗೇ ಕೂತು ಗುಡುಗು ಕೇಳೋವರೆಗೆ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿದ್ರೆ ಮಿಂಚು ಎಷ್ಟು ಕಿಲೋಮೀಟರ್ ದೂರ ಅಂತ ಗೊತ್ತಾಗುತ್ತೆ. ಆಗ ಕಿಟಕಿ ಸರಳು ಮುಟ್ಟೋದು, ಮರದ ಕೆಳಗೆ ಹೋಗೋದು ಬೇಡ. ಕರೆಂಟ್ ಹೋದ್ರೆ ಟಾರ್ಚು, ಚೆಂಡು, ಗೋಡೆ ಇಷ್ಟರಲ್ಲೇ ಗ್ರಹಣ ಮಾಡಿ ತೋರ್ಸಬಹುದು.

ಪ್ರಶ್ನೆ: ಹೊಸನಗರದ ಕಡೆ ನಮ್ದು ಹಳೇ ಹೆಂಚಿನ ಮನೆ. ಒಂದು ಹೆಂಚಲ್ಲಿ ಸಣ್ಣ ತೂತಾಗಿ ಅಡುಗೆಮನೆ ನೆಲದ ಮೇಲೆ ಬಿಸಿಲು ಬೀಳುತ್ತೆ. ಮೊಮ್ಮಗಳು ದಿನಾ ಅದರ ಹತ್ರನೇ ಕೂತಿರ್ತಾಳೆ, ಅಂಗೈಲಿ ಹಿಡೀತಾಳೆ, ಊದ್ತಾಳೆ. ಹೆಂಚು ಬದಲಾಯಿಸ್ಬೇಕು ಅಂತಿದಾನೆ ಮಗ. ಅವಳು ಬೇಡ ಅಂತ ಅಳ್ತಾಳೆ. ಏನಿದೆ ಅದ್ರಲ್ಲಿ ಅಷ್ಟೊಂದು?

ಉತ್ತರ: ಅಮ್ಮಾ, ಮಳೆಗಾಲ ಶುರುವಾಗೋವರೆಗೆ ಆ ಹೆಂಚು ಹಂಗೇ ಇರ್ಲಿ ಅಂತ ಮಗನಿಗೆ ಹೇಳಿ. ನಿಮ್ಮ ಮೊಮ್ಮಗಳು ಅಂಗೈಲಿ ಹಿಡೀತಿರೋದು ಸೂರ್ಯನ ಚಿತ್ರ.

ತೂತು ಯಾವ ಆಕಾರಕ್ಕಾದ್ರೂ ಒಡೆದಿರ್ಲಿ, ಸಣ್ಣದಾಗಿದ್ರೆ ನೆಲದ ಮೇಲೆ ಬೀಳೋ ಬೆಳಕು ಗುಂಡಗೇ ಇರುತ್ತೆ, ಓರೆಯಾಗಿ ಬಿದ್ರೆ ಮೊಟ್ಟೆ ತರ. ಯಾಕಂದ್ರೆ ಸೂರ್ಯ ಗುಂಡಗಿದಾನೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಬೆಳಿಗ್ಗೆ ನಮ್ಮನೆ ಹಲಸಿನ ಮರದ ಕೆಳಗೆ ಎಲೆ ಸಂದೀಲಿ ಇಳಿದ ಬಿಸಿಲಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ಬಂದಿದ್ವು, ನೂರಾರು, ಅಂಗಳದ ತುಂಬ. ಮಕ್ಕಳು ಅಂಗಿ ಮೇಲೆ, ಕೈ ಮೇಲೆ ಬೀಳಿಸ್ಕೊಂಡು ಕುಣಿದ್ರು.

ಸೂರ್ಯ ಎಷ್ಟು ಅಗಲ ಇದಾನೋ ಅದರ 108 ಪಟ್ಟಿನಷ್ಟು ದೂರದಲ್ಲಿದಾನೆ, ಹಂಗಾಗಿ ಹೆಂಚಿಂದ ನೆಲಕ್ಕೆ ಹತ್ತಡಿ ಇದ್ರೆ ಬೆಳಕಿನ ಚುಕ್ಕೆ ಒಂದಿಂಚಿಗಿಂತ ಸ್ವಲ್ಪ ದೊಡ್ಡದಾಗಿ ಬೀಳುತ್ತೆ. ಬಳಪ ತಗೊಂಡು ಅದರ ಸುತ್ತ ಒಂದು ಗೆರೆ ಎಳೆಯೋಕೆ ಮೊಮ್ಮಗಳಿಗೆ ಹೇಳಿ. ಗಡಿಯಾರ ನೋಡ್ತಾ ಇಬ್ರೂ ಸುಮ್ನೆ ಕೂತ್ಕೊಳಿ. ಎರಡೇ ನಿಮಿಷ. ಚುಕ್ಕೆ ಗೆರೆ ದಾಟಿ ಆಚೆ ಹೋಗಿರುತ್ತೆ. ಅದನ್ನ ಯಾರೂ ಅಲ್ಲಾಡ್ಸಿಲ್ಲ, ಹೆಂಚೂ ಅಲ್ಲಾಡಿಲ್ಲ, ನಿಮ್ಮ ಅಡುಗೆಮನೆ, ತೋಟ, ಊರು ಎಲ್ಲ ಹೊತ್ತು ಭೂಮಿ ತಿರುಗಿದ್ದು. ಭೂಮಿ ತಿರುಗುತ್ತೆ ಅಂತ ಪುಸ್ತಕದಲ್ಲಿ ನಾನು ಎಷ್ಟೋ ವರ್ಷ ಓದಿಸಿದೀನಿ, ಆದ್ರೆ ಕಣ್ಣಿಗೆ ಕಾಣೋ ತರ ತೋರ್ಸೋಕೆ ಇದಕ್ಕಿಂತ ಚೆಂದದ್ದು ನಂಗೆ ಇನ್ನೂ ಸಿಕ್ಕಿಲ್ಲ.

ಅವಳು ಊದಿದಾಗ ಬೆಳಕಿನ ಕೋಲಲ್ಲಿ ಧೂಳು ಕುಣಿಯುತ್ತಲ್ಲ, ಆ ಧೂಳು ಇರೋದ್ರಿಂದ್ಲೇ ಕೋಲು ಕಾಣೋದು. ಒಲೆ ಉರೀತಿರುವಾಗ ತೆಳ್ಳಗಿನ ಹೊಗೆ ಅದಕ್ಕೆ ಅಡ್ಡ ಬಂದ್ರೆ ನೋಡೋಕೆ ಹೇಳಿ, ನೀಲಿಯಾಗಿ ಕಾಣುತ್ತೆ. ಹೊಗೆಯ ಸಣ್ಣ ಸಣ್ಣ ಕಣಗಳು ನೀಲಿ ಬೆಳಕನ್ನ ಜಾಸ್ತಿ ಚೆದರಿಸ್ತವೆ. ಆಕಾಶದಲ್ಲಿ ಗಾಳಿ ಮಾಡೋದೂ ಇದೇ ಕೆಲಸ, ಆಕಾಶ ನೀಲಿ ಆಗಿದ್ದು ಹಂಗೇ. ತೂತಿಗೆ ಕಣ್ಣಿಟ್ಟು ಮೇಲೆ ಮಾತ್ರ ನೋಡ್ಬಾರ್ದು ಅಂತ ಅವಳಿಗೆ ಚೆನ್ನಾಗಿ ತಿಳಿಸಿಡಿ.

ಗೆರೆ ಪಕ್ಕ ತಾರೀಖು, ಟೈಮು ಬರೀರಿ. ವಾರಕ್ಕೊಂದು ಸಲ ಅದೇ ಟೈಮಿಗೆ ಇನ್ನೊಂದು ಗೆರೆ ಎಳೆದ್ರೆ ಎರಡೂ ಒಂದೇ ಜಾಗಕ್ಕೆ ಬೀಳಲ್ಲ, ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ಸರೀತಾ ಇರ್ತಾನಲ್ಲ, ಅದೂ ನೆಲದ ಮೇಲೆ ಕಾಣುತ್ತೆ. ಸಂಕ್ರಾಂತಿಗೆ ಒಂದು, ಯುಗಾದಿಗೆ ಒಂದು ಗೆರೆ ಎಳೆದಿಡಿ. ನೆಲ ಒರೆಸುವಾಗ ಅಷ್ಟು ಜಾಗ ಬಿಟ್ಟು ಒರೆಸೋಕೆ ಮನೆಯವರಿಗೆಲ್ಲ ಹೇಳಿಬಿಡಿ.